ಗಂಟು ಡಾಕ್ಟರ್

ಗಂಟು ಡಾಕ್ಟರನಷ್ಟು ನಿರ್ದಯಿಯನ್ನು ನಾನು ಕಂಡಿಲ್ಲ. ಪೈನ್ ಮರಗಳಲ್ಲಿ ಶಿಲೀಂಧ್ರದಿಂದ ಏಳುವ ಗಂಟುಗಳನ್ನು ಅಧ್ಯಯನ ಮಾಡುವುದು, ರೋಗ ಹರಡದಂತೆ ಕಡಿಸುವುದು ಅವನ ಉದ್ಯೋಗ. ಗಂಟು ರೆಂಬೆಯಲ್ಲಿದ್ದರೆ ರೆಂಬೆ ಹೋಯಿತು, ಕಾಂಡದಲ್ಲಿದ್ದರೆ ಮರವೇ ಹೋಯಿತು, ಮೇಲ್ಮನವಿಗೆ ಅವಕಾಶವಿಲ್ಲ. ವಸಂತದಲ್ಲಿ ಗಂಟು ಬಿರಿದು ರೋಗ ಹರಡುವ ಕಿತ್ತಳೆ ಬಣ್ಣದ ಪುಡಿ ಹಾರುವ ಮೊದಲೇ ಕೆಲಸ ಮುಗಿಯಬೇಕು. "ಆ ಪುಡಿ ಹೊರಬರೋಕೆ ಸೂಜಿ ತೂರುವಷ್ಟು ಸಂದು ಸಾಕು ರೀ, ಇಡೀ ಕಾಡು ಹಾಳಾಗುತ್ತೆ" ಎನ್ನುವುದು ಅವನ ನಿತ್ಯದ ಜಪ. ಮನೆಯಲ್ಲೂ ಬಿಡುವಿಲ್ಲ. ಉಬ್ಬುತಗ್ಗಾದ ಆಲೂಗಡ್ಡೆಯನ್ನು ಹಿತ್ತಿಲಿಗೊಯ್ದು ಸುಡುತ್ತಾನೆ. ಹಾಸಿಗೆಯ ಹತ್ತಿ ಉಂಡೆಗಟ್ಟಿದ್ದಕ್ಕೆ ಅದರ ಹೊಟ್ಟೆ ಸೀಳಿದ. ಹೆಂಡತಿ ಆ ರಾತ್ರಿ ಚಾಪೆಯ ಮೇಲೆ ಮಲಗಿದಳು. ಭಾವಮೈದುನನ ಹಣೆ ಬಾಗಿಲಿಗೆ ಬಡಿದು ಊದಿಕೊಂಡಾಗ ಭೂತಗನ್ನಡಿಯಲ್ಲಿ ನೋಡಿ, "ಕಾಂಡದ ಮೇಲೇ ಬಂದಿದೆಯಲ್ಲ, ಕಷ್ಟ" ಎಂದ. ಪಾಪ, ಆತ ಊಟ ಅರ್ಧಕ್ಕೇ ಬಿಟ್ಟು ಓಡಿಹೋದ. ಈ ವಸಂತದಲ್ಲಿ, ನನ್ನ ನೆರೆಮನೆಯವಳಾದ ಅವನ ತಾಯಿಯ ಅಂಗಳದ ಪೈನ್ ಮರದ ಕಾಂಡದಲ್ಲೇ ಕುಂಬಳಕಾಯಿ ಗಾತ್ರದ ಗಂಟು ಕಾಣಿಸಿಕೊಂಡಿತು. ತೀರಿಹೋದ ತಂದೆ ನೆಟ್ಟ ಮರ. ಇವನು ಗರಗಸ ಹಿಡಿದೇ ಬಂದ. ತಾಯಿ ಮರಕ್ಕೆ ಒರಗಿ ನಿಂತು, "ನಿಮ್ಮಪ್ಪನ ಬೆನ್ನಲ್ಲೂ ಗಡ್ಡೆ ಇತ್ತಲ್ಲೋ, ಅವರನ್ನೇನು ಕಡಿದುಹಾಕಿದ್ವಾ?" ಎಂದಳು. ಅವನು ಗರಗಸವನ್ನು ಕೆಳಗಿಟ್ಟ. ತನ್ನ ಬಿಳಿ ಕೋಟನ್ನು ಕಳಚಿ, ಪುಡಿ ಹಾರದಂತೆ ಕಾಂಡಕ್ಕೆ ಸುತ್ತಿ, ಅದರ ತೋಳುಗಳನ್ನು ಹಿಂದಕ್ಕೆ ಬಿಗಿದು, ಕತ್ತಿನವರೆಗೂ ಗುಂಡಿ ಹಾಕಿದ. "ಅಷ್ಟು ಬಿಗಿದರೆ ಅದಕ್ಕೆ ಉಸಿರು ಕಟ್ಟಲ್ವೇನೋ?" ಎಂದಳು ತಾಯಿ. ಗೇಟಿನವರೆಗೆ ಹೋಗಿದ್ದವನು ತಿರುಗಿ ಬಂದು ಮೇಲಿನ ಗುಂಡಿಯೊಂದನ್ನು ಬಿಚ್ಚಿದ.