ಪಕ್ಕದ ಮನೆಯ ಹೊಸ ಕಾರಿಗೆ ನಾನು ಹೇಳಿದ ರೇಟು

ನೋಡ್ರಪ್ಪಾ, ಇವತ್ತು ಬೆಳಿಗ್ಗೆ ಅತ್ತಿಗುಪ್ಪೆಯಲ್ಲಿ ಒಬ್ಬರ ಒಳ್ಳೆಯ ದಿನವನ್ನು ಕೆಡಿಸಿ ಬಂದಿದ್ದೇನೆ.

ಪಕ್ಕದ ಮನೆಯ ಬಸವರಾಜಪ್ಪನವರು ರಿಟೈರಾದ ಮೇಲೆ ಮೊದಲ ಕಾರು ಕೊಂಡಿದ್ದಾರೆ. ಬಾನೆಟ್ಟಿಗೆ ವಿಭೂತಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ನನ್ನ ಬಾಯಿಗೆ ಅವರೇ ಪೇಡಾ ಇಟ್ಟರು. ನುಂಗಿದವನೇ, "ಸಾರ್, ಇದೇ ಕಾರು ಇಲ್ಲಿಂದ್ಲೇ ಹಡಗಲ್ಲಿ ಫಾರಿನ್‌ಗೆ ಹೋಗುತ್ತೆ. ಅಲ್ಲಿ ಇದಕ್ಕಿಂತ ಕಮ್ಮಿ ರೇಟು!" ಎಂದೆ.

"ಅಷ್ಟು ದೂರ ಹೋದ್ರೆ ಜಾಸ್ತಿ ಆಗ್ಬೇಕಲ್ವಾ?" ಎಂದರು ಬಸವರಾಜಪ್ಪನವರು.

"ಇಲ್ಲಿ ಟ್ಯಾಕ್ಸ್ ಮೇಲೆ ಟ್ಯಾಕ್ಸು ಸಾರ್. ಜಿಎಸ್‌ಟಿ ಆದ್ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಬೇರೆ. ಅಲ್ಲಿ ಇಷ್ಟೊಂದಿಲ್ಲ."

ಕನ್ನಡಿ ಒರೆಸುತ್ತಿದ್ದ ಅವರ ಕೈ ನಿಂತಿತು. "ಹಂಗಾದ್ರೆ ನಾವು ಮೋಸ ಹೋದ್ವಿ ಅನ್ನಿ" ಎಂದರು.

"ಅಲ್ಲಿ ತಗೊಂಡಿದ್ರೆ ಪೇಡಾ ಕೊಡೋಕೆ ನೀವು ಸಿಗ್ತಿರ್ಲಿಲ್ಲ ಬಿಡಿ" ಎಂದು ಅವರ ಹೆಂಡತಿ ನನ್ನತ್ತ ನೋಡಿ ನಕ್ಕರು. ಬಸವರಾಜಪ್ಪನವರು ನಗಲಿಲ್ಲ.

ಮೊದಲ ರೌಂಡಿಗೆ ನನ್ನನ್ನೂ ಕೂರಿಸಿಕೊಂಡು ಕೆಂಗೇರಿಯವರೆಗೆ ಹೋಗಿಬರುವ ಮಾತಾಗಿತ್ತು. ಕಾರು ನಿಂಬೆಹಣ್ಣು ಜಜ್ಜಿಕೊಂಡು ಹೊರಟಿತು. ಯಾರೂ ನನ್ನನ್ನು ಕರೆಯಲಿಲ್ಲ.

ಕೆಟ್ಟ ಕಣ್ಣಿಗೆಂದು ಅವರು ನಾಲ್ಕು ನಿಂಬೆಹಣ್ಣು ಇಟ್ಟಿದ್ದರು. ನನ್ನ ಬಾಯಿ ಮುಚ್ಚಿಸೋಕೆ ಒಂದು ಪೇಡಾ ಸಾಲಲಿಲ್ಲ.