ಹೊಸ್ತಿಲಲ್ಲಿ ಕೂತ ಲಿಸಿಯಾಟೆ

ಕಡಲ ನಡುವಿನ ದ್ವೀಪದಲ್ಲಿರುವ ನುಕುಅಲೋಫಾ ಪೇಟೆಯ ಔಷಧದಂಗಡಿಯೊಂದರ ಬಾಗಿಲು ಕಾಯುವ ಕೆಲಸಕ್ಕೆ ಲಿಸಿಯಾಟೆ ಸೇರಿ ಒಂಬತ್ತು ವರ್ಷವಾಗಿತ್ತು. ಬಾಗಿಲು ತುಂಬುವಂಥ ಗಂಡಸು, ಆದರೆ ಸ್ವಭಾವ ಬೆಣ್ಣೆ. ಮುದುಕಿಯರ ಚೀಲ ಹೊರುವುದು, ನಾಯಿ ಓಡಿಸುವುದು, ಮೊದಲೆಲ್ಲ ಇಷ್ಟೇ ಕೆಲಸ. ಕಡಲೊಳಗಿನ ಬೆಟ್ಟ ಸಿಡಿದು ದ್ವೀಪಕ್ಕೆಲ್ಲ ಬೂದಿ ಸುರಿಯಿತು, ಅದರ ಬೆನ್ನಿಗೇ ರೋಗವೂ ಬಂತು. ಆಗ ಯಜಮಾನಿ ಲುಪೆ ಬೋರ್ಡು ತೂಗುಹಾಕಿದಳು: ಮಾಸ್ಕ್ ಇಲ್ಲದವರು, ಬೂದಿ ಹಿಡಿದ ಚಾಪೆ ಉಟ್ಟವರು ಒಳಗೆ ಬರಕೂಡದು. ಒಬ್ಬರಿಗೆ ದಿನಕ್ಕೆ ಒಂದೇ ಔಷಧ.

ಮಾಸ್ಕ್ ಸರಿ. ಚಾಪೆ ಬಿಚ್ಚು ಅಂದರೆ ಹೇಗೆ? ಮನೆಯಲ್ಲಿ ಸಾವಾದ ಮೇಲೆ ಬಟ್ಟೆಯ ಮೇಲೆ ಸೂತಕದ ಚಾಪೆ ಸುತ್ತಿಕೊಳ್ಳದೆ ಬೀದಿಗಿಳಿಯುವ ಹೆಂಗಸು ಈ ದ್ವೀಪದಲ್ಲಿ ಯಾರಿದ್ದಾಳೆ? ಆದರೂ ಜನ ಬೈದದ್ದು ಲಿಸಿಯಾಟೆಯನ್ನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರೇ ಕೊಟ್ಟಿರಲಿಲ್ಲ, ಬೈಗುಳ ಮಾತ್ರ ಪೂಜಾರಿಗೆ.

"ನನ್ನ ಅಂಗಡಿ, ನನ್ನ ನಿಯಮ," ಅನ್ನುತ್ತಿದ್ದಳು ಲುಪೆ. "ಒಳಗೆ ನಮ್ಮಮ್ಮ ಮಲಗಿದಾಳೆ, ಅವಳ ಎದೆ ಮೊದಲೇ ಕೆಟ್ಟಿದೆ. ಇನ್ನೊಬ್ಬರನ್ನ ಹಾಗೆ ಬಿಟ್ಟೆ ಅಂದ್ರೆ ನೀನೂ ಆಚೆಗೇ." ಅವಳದೂ ತಪ್ಪು ಅನ್ನಲಾಗದು.

ಆ ಶುಕ್ರವಾರ ಲಿಸಿಯಾಟೆಗೆ ಐದು ಗಂಟೆಯದೇ ಜಪ. ಬೂದಿ ಬಿದ್ದಂದಿನಿಂದ ಮಗಳು ಸೇನಿಗೆ ಉಬ್ಬಸ. ಮನೆಯಲ್ಲಿದ್ದ ಉಸಿರಿನ ಪಂಪು ಬರಿದಾಗಿ ಎರಡು ದಿನ. ಹಡಗಿನಲ್ಲಿ ಬಂದ ಪಂಪುಗಳಲ್ಲಿ ಕೊನೆಯದನ್ನು ಲುಪೆ ಅವನಿಗೆಂದು ಎತ್ತಿಟ್ಟಿದ್ದಳು. "ಬಾಗಿಲು ಬಿಟ್ಟು ಹೋಗೋ ಹಾಗಿಲ್ಲ. ಐದಕ್ಕೆ ತಗೊಂಡು ಹೋಗು."

ನಾಲ್ಕೂವರೆಗೆ, ಹೊರಗೆ ಗಿರಾಕಿಗಳ ಸಾಲು ನಿಂತಿರುವಾಗ, ಅವನ ಸೋದರತ್ತೆ ಕಲೊಲೈನೆ ಬಂದಳು. ಗಂಡ ಸತ್ತು ತಿಂಗಳಾಗಿರಲಿಲ್ಲ. ಉಟ್ಟ ಬಟ್ಟೆಯ ಮೇಲೆ ಎದೆಯಿಂದ ಮೊಣಕಾಲಿನವರೆಗೆ ಬೂದಿ ಹಿಡಿದ ಹರಕು ಚಾಪೆ, ಮಾಸ್ಕ್ ಇಲ್ಲದ ಬರಿ ಮುಖ.

ಅಪ್ಪನ ಅಕ್ಕ. ಅವಳಿಗೆ ಹೀಗೆ ಮಾಡು ಎಂದು ಹೇಳುವ ಬಾಯಿ ಅವರ ಮನೆತನದಲ್ಲಿ ಯಾವ ಗಂಡಸಿಗೂ ಇಲ್ಲ. ಅವಳ ಮನಸ್ಸು ನೊಂದರೆ ಅದು ತಟ್ಟುವುದು ತಮ್ಮನ ಮಕ್ಕಳು ಮೊಮ್ಮಕ್ಕಳಿಗೆ. ತಡೆದರೆ ಸೇನಿಗೆ ಶಾಪ, ಬಿಟ್ಟರೆ ಕೆಲಸ ಹೋಗಿ ಸೇನಿಗೆ ಪಂಪಿಲ್ಲ.

"ದಾರಿ ಬಿಡೋ. ಬೀಪಿ ಮಾತ್ರೆ ಮುಗಿದು ನಾಲ್ಕು ದಿನ ಆಯ್ತು, ತಲೆ ಗಿರ್ರ್ ಅಂತಿದೆ."

ಗಾಜಿನಾಚೆಯಿಂದ ಲುಪೆ ಕೂಗಿದಳು. ಎದುರು ಬಂದು ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. "ಲಿಸಿಯಾಟೆ! ನಿನ್ನ ಅತ್ತೆ, ನೀನೇ ಹೇಳು!"

ಅವನು ಹೇಳಲಾರದೆ, ಹಿರಿಯಳ ಮುಂದೆ ಕೂರುವ ಹಾಗೆ ತಲೆ ತಗ್ಗಿಸಿ ಹೊಸ್ತಿಲಲ್ಲೇ ಕೂತುಬಿಟ್ಟ. ಗೌರವವೂ ಆಯಿತು, ಅಡ್ಡಗಟ್ಟಿದ್ದೂ ಆಯಿತು. ತನ್ನ ಮಾಸ್ಕನ್ನೇ ಬಿಚ್ಚಿ ಎರಡೂ ಕೈಯಲ್ಲಿ ಚಾಚಿದ.

ಅತ್ತೆ ಅದನ್ನು ತೆಗೆದುಕೊಂಡು ಬೋರ್ಡನ್ನೂ ಅವನನ್ನೂ ನೋಡಿದಳು. "ಅಂಗಡಿ ಅವಳ್ದು, ಬಾಗ್ಲು ಅವಳ್ದು, ನಿಯಮ ಅವಳ್ದು. ನೀನು ಯಾರವನೋ?"

"ಅತ್ತೆ..." ಅವನಿಗೆ ಅಳು ಬಂತು. "ಸೇನಿ ಪಂಪು ಒಳಗಿದೆ ಅತ್ತೆ."

"ಈಗ ನಿನಗೂ ಮಾಸ್ಕ್ ಇಲ್ವಾ?" ಒಳಗಿಂದ ಲುಪೆಯ ದನಿ ಕಿರುಚಿತು. "ಸಾಕು ಮಾರಾಯ, ನಾಳೆಯಿಂದ ಬರಬೇಡ. ಪಂಪು ಬೇಕಿದ್ರೆ ಮಾಸ್ಕ್ ಹಾಕ್ಕೊಂಡು ಗಿರಾಕಿ ಥರ ಬಾ. ಇಲ್ಲಾಂದ್ರೆ ಸಾಲಲ್ಲಿರೋರಿಗೆ ಕೊಡ್ತೀನಿ."

ಅವತ್ತು ಊರಲ್ಲಿ ಮಾಸ್ಕ್ ಸಿಗುತ್ತಿದ್ದುದು ಆ ಅಂಗಡಿಯೊಳಗೆ ಮಾತ್ರ. ಅತ್ತೆಗೆ ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ. ಲಿಸಿಯಾಟೆ ಹಣೆಯನ್ನು ಮೊಣಕಾಲಿಗೆ ಒತ್ತಿಕೊಂಡು ಅಲ್ಲೇ ಕುಸಿದ.

ಕಲೊಲೈನೆ ಮಾಸ್ಕ್ ಹಾಕಿಕೊಂಡಳು. ಆಮೇಲೆ ನಡುಬೀದಿಯಲ್ಲಿ, ಸಾಲಿನ ಜನರೆಲ್ಲರ ಎದುರು, ಸೊಂಟದ ಹಗ್ಗ ಬಿಚ್ಚಿದಳು. ವಿಧವೆ ಸೂತಕದ ಚಾಪೆ ಕಳಚುವುದನ್ನು ನೋಡಲಾರದೆ ಸಾಲಿನವರು ಮುಖ ತಿರುಗಿಸಿಕೊಂಡರು. ಚಾಪೆ ಸುರುಳಿ ಸುತ್ತಿ ಅವನ ಮಡಿಲಲ್ಲಿಟ್ಟಳು.

"ನಿನ್ನ ಮಾವನ್ನ ಹಿಡ್ಕೊಂಡಿರು," ಎಂದು ಅವನನ್ನು ದಾಟಿ ಒಳಗೆ ಹೋದಳು.

ಹೊರಗೆ ಬಂದಾಗ ಅವಳ ಕೈಯಲ್ಲಿದ್ದದ್ದು ಪಂಪು ಒಂದೇ.

"ಅತ್ತೆ, ನಿಮ್ಮ ಮಾತ್ರೆ?"

"ಬೋರ್ಡು ಓದಕ್ಕೆ ಬರಲ್ವೇನೋ? ಒಬ್ಬರಿಗೆ ಒಂದೇ. ಓಡು, ಮಗು ಕಾಯ್ತಿದೆ."

ಚಾಪೆಯನ್ನು ಅವಳ ಕೈಗಿತ್ತು ಓಡಿದ. ತಿರುವಿನಲ್ಲಿ ಹೊರಳಿ ನೋಡಿದರೆ, ಚಾಪೆ ಸುತ್ತಿಕೊಳ್ಳಲು ಬಗ್ಗಿದ್ದವಳು ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಜಾರುತ್ತಿದ್ದಳು. ಸಾಲಿನಿಂದ ಒಬ್ಬರೂ ಕದಲಲಿಲ್ಲ. ಅವನ ಕಾಲು ಅತ್ತ ಒಂದು ಹೆಜ್ಜೆ ಇಟ್ಟಿತು. ಅತ್ತೆ ಕೂತಲ್ಲಿಂದಲೇ ಕೈಯೆತ್ತಿ, ಹೋಗು ಎಂದು ಬೀಸಿದಳು.

ಅವಳ ಮಾತು ಮೀರುವಂತಿಲ್ಲ. ಬಾಯಿ ತೆರೆದು ಅಳುತ್ತಾ ಓಡಿದ.