ನೀರು ಮುಟ್ಟದೆ ಓಡಿದ ದಿನ

ಮೊದಲು ಕಂಡದ್ದು ಬ್ರಷ್ಷಿನ ಮೇಲಿನ ರಕ್ತ. ಮಗಳು ಸಿಂಚನಾ ಹಲ್ಲುಜ್ಜಿ ಬಂದು ತೋರಿಸಿದಳು. ಗಟ್ಟಿಯಾಗಿ ಉಜ್ಜಿದರೆ ಹೀಗೇ ಆಗುವುದು ಎಂದು ಗದರಿದೆ. ಆಮೇಲೆ ಮೊಣಕಾಲ ಕೆಳಗೆ ನೀಲಿ ಕಲೆಗಳು. ದೋಣಿ ತಾಗಿರಬೇಕು ಎಂದುಕೊಂಡೆವು. ಹೊನ್ನಾವರದ ಪಕ್ಕದ ಕಾಸರಕೋಡಿನ ನಮ್ಮ ಕೇರಿಯ ಮಕ್ಕಳು ದಡಕ್ಕೆ ಎಳೆದಿಟ್ಟ ದೋಣಿಗಳ ಮೇಲೆ ಹತ್ತಿ ಇಳಿದೇ ಬೆಳೆಯುವವರು. ಜ್ವರ ಬಂತು, ಹೋಯಿತು, ಮತ್ತೆ ಬಂತು. ಹೊನ್ನಾವರದ ಡಾಕ್ಟರು ಬ್ಲಡ್ ರಿಪೋರ್ಟ್ ನೋಡಿ, ನನ್ನ ಮುಖ ನೋಡದೆ, "ಇವತ್ತೇ ಮಂಗಳೂರಿಗೆ ಹೊರಡಿ" ಎಂದರು.

ಬ್ಲಡ್ ಕ್ಯಾನ್ಸರ್. ಅವಳಿಗೆ ಏಳು ವರ್ಷ.

ನಾನು ಕಡಲಿಗೆ ಹೋಗುವವನು. ಗಾಳಿ ತಿರುಗಿದರೆ, ಎಂಜಿನ್ ಕೈಕೊಟ್ಟರೆ ಏನು ಮಾಡಬೇಕೆಂದು ಗೊತ್ತು. ಆ ವಾರ್ಡಿನಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಕೀಮೋ ಶುರುವಾಯಿತು. ಕೂದಲು ದಿಂಬಿನ ಮೇಲೆ ಉಳಿಯತೊಡಗಿತು. ಬಾಯಿ ತುಂಬ ಹುಣ್ಣು. ನೀರು ಕಂಡರೂ ಮುಖ ತಿರುಗಿಸುತ್ತಿದ್ದಳು. ಚಮಚ ಹಿಡಿದು ದಿನವಿಡೀ ನನ್ನದು ಒಂದೇ ರಾಗ: "ಒಂದೇ ಗುಟುಕು ಮಗಾ. ಆಮೇಲೆ ಕೇಳೂದಿಲ್ಲ." ಆಮೇಲೆ ಮತ್ತೆ ಕೇಳುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು.

ಆ ವಾರ್ಡಿನ ಮಕ್ಕಳ ಔಷಧಿಯ ಖರ್ಚು ನೋಡಿಕೊಳ್ಳುವ ಸಂಘವೊಂದಿದೆ. ಸಿಂಚನಾಳ ಔಷಧಿಯೂ ಅವರಿಂದಲೇ. ಅವರು ಭಟ್ಕಳದಿಂದ ಹೊನ್ನಾವರದವರೆಗೆ ಮ್ಯಾರಥಾನ್ ಇಟ್ಟರು. ಓಡುವವರ ಹೆಸರಿನಲ್ಲಿ ಪರಿಚಯದವರು ಕೊಡುವ ಹಣ ವಾರ್ಡಿಗೆ ಹೋಗುತ್ತದೆ. ಅಪ್ಪ ಅಮ್ಮಂದಿರೂ ಓಡಬಹುದು ಎಂದರು. ರಕ್ತದ ಬಿಳಿಕಣಗಳ ಕೌಂಟ್ ಸುಧಾರಿಸುತ್ತಿದ್ದ ದಿನಗಳು ಅವು. ನಾನು ಹೆಸರು ಕೊಟ್ಟೆ. ಊರಿಗೆ ಬಂದಾಗಲೆಲ್ಲ ಮರಳಿನ ಮೇಲೆ ಓಡಿ ಅಭ್ಯಾಸ ಮಾಡಿದೆ.

ಓಟ ಹತ್ತಿರ ಬಂದಾಗ ಇನ್ಫೆಕ್ಷನ್ ಆಯಿತು.

ಜ್ವರ ಇಳಿಯಲೇ ಇಲ್ಲ. ಅವಳನ್ನು ಐಸೊಲೇಶನ್ ರೂಮಿಗೆ ಹಾಕಿದರು. "ಕೌಂಟ್ ಏಳ್ತಾ ಇಲ್ಲ. ಆಂಟಿಬಯೋಟಿಕ್ ಬದಲಿಸಿದ್ದೇವೆ. ಕಾಯಬೇಕು" ಎಂದರು ಡಾಕ್ಟರು. ಕಾದರೆ ಉಳಿಯುತ್ತಾಳಾ ಎಂದು ಕೇಳಿದೆ. ಅವರು ನನ್ನ ಭುಜ ಮುಟ್ಟಿ ಮುಂದೆ ಹೋದರು.

ಹೆಂಡತಿ ಲಲಿತಾಳೇ ನನ್ನನ್ನು ಕಳಿಸಿದಳು. "ಒಳಗೆ ಒಬ್ಬರಿಗೇ ಬಿಡೂದು. ಬಾಗ್ಲ ಹೊರಗೆ ಕೂತು ಎಂತ ಮಾಡ್ತ್ರಿ? ಹೋಗಿ, ಓಡಿ. ಅವಳ ಹೆಸರಲ್ಲೇ ಓಡಿ."

ಊರಿಗೆ ಬಂದವನು ಮನೆಗೆ ಹೋಗಲಿಲ್ಲ. ನಮ್ಮ ಕೇರಿಯ ದೈವ ಜಟಕನ ಕಟ್ಟೆಯ ಮುಂದೆ ನಿಂತೆ. ಕಾಯಿ, ಕೋಳಿಯ ಹರಕೆಯೆಲ್ಲ ಬಲೆ ತುಂಬಲಿ ಎಂದು ಕೇಳುವಾಗಿನ ಮಾತು. ಜೀವ ಕೇಳುವಾಗ ಮೈಯನ್ನೇ ಒಡ್ಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹನಿ ನೀರು ಮುಟ್ಟದೆ, ಎಲ್ಲೂ ಕೂರದೆ ಓಡಿ ಮುಗಿಸುತ್ತೇನೆ, ಅವಳನ್ನು ನನಗೆ ಬಿಡು ಎಂದು ಹರಕೆ ಹೊತ್ತೆ.

ಇದನ್ನು ಹೇಳಿದ್ದು ನಮ್ಮ ಬೋಟು ನಡೆಸುವ ತಾಂಡೇಲ ಮಾದೇವಣ್ಣನಿಗೆ ಮಾತ್ರ. ಅವನು ಉರಿದುಬಿದ್ದ. "ಹುಚ್ಚು ಹಿಡೀತ ನಿಂಗೆ? ಬೋಟಿಗೆ ಮೊದ್ಲು ನೀರಿನ ಕ್ಯಾನು ಹತ್ಸೂದು. ಬಲೆ ಆಮೇಲೆ. ಅಷ್ಟೂ ಮರ್ತೋಯ್ತಾ?"

ಭಟ್ಕಳದಲ್ಲಿ ಹೊರಟಾಗ ತಂಪಿತ್ತು. ಮಾದೇವಣ್ಣ ಸ್ಕೂಟರಿನಲ್ಲಿ ಹಿಂದೆ ಹಿಂದೆ ಬರುತ್ತಿದ್ದ. ಶಿರಾಲಿಯಲ್ಲಿ ನೀರಿನ ಬಾಟಲಿ ಚಾಚಿದ. ತಲೆ ಅಲ್ಲಾಡಿಸಿದೆ. ಮುರ್ಡೇಶ್ವರದ ತಿರುವಿನಲ್ಲಿ ಮತ್ತೆ ಚಾಚಿದ. ಬಿಸಿಲೇರಿತ್ತು. ಹೆದ್ದಾರಿಯ ಲಾರಿಗಳು ಬಿಸಿಗಾಳಿ ಎಬ್ಬಿಸಿ ಹೋಗುತ್ತಿದ್ದವು. ನಾಲಿಗೆ ಅಂಗುಳಿಗೆ ಅಂಟಿತು. ಆಗ ನನಗೊಂದು ವಿಚಿತ್ರ ಸಮಾಧಾನ. ಈಗ ಅವಳ ಬಾಯಿ ಹೇಗಿರಬಹುದು ಎಂದು ನನ್ನ ಬಾಯಿಗೆ ಗೊತ್ತಾಗುತ್ತಿದೆ ಎನ್ನಿಸಿತು. ನನಗೆ ಉರಿದಷ್ಟು ಅವಳಿಗೆ ಕಡಿಮೆಯಾಗಲಿ ಎಂದುಕೊಂಡು ಓಡಿದೆ. ಬುದ್ಧಿ ನೆಟ್ಟಗಿದ್ದವನ ಯೋಚನೆಯಲ್ಲ ಅದು.

ಮಂಕಿ ಹತ್ತಿರ ಬೆವರು ನಿಂತಿತು. ಕಾಲು ಎಲ್ಲಿ ಬೀಳುತ್ತಿದೆ ಎಂದು ತಿಳಿಯಲಿಲ್ಲ. ಡಾಂಬರಿನ ಮೇಲೆ ಮಂಡಿಯೂರಿ ಬಿದ್ದೆ. ಎದ್ದೆ. ಮತ್ತೆ ಬಿದ್ದೆ.

ಫೋನ್ ಬಡಿದುಕೊಂಡಿತು. ಲಲಿತಾಳ ವಿಡಿಯೊ ಕಾಲ್.

ಎತ್ತಲಿಲ್ಲ. ಈ ಹೊತ್ತಿನಲ್ಲಿ ಅವಳು ಫೋನ್ ಮಾಡುವುದಿಲ್ಲ, ಮಾಡಿದರೆ ಕೆಟ್ಟ ಸುದ್ದಿಯೇ. ಎತ್ತದಿದ್ದರೆ ಏನೂ ಆಗಿಲ್ಲ ಎಂದೇ ಇರುತ್ತದೆ. ಮಾದೇವಣ್ಣ ನನ್ನ ಕಿಸೆಗೆ ಕೈಹಾಕಿ ಎತ್ತಿದ.

"ಅಪ್ಪಾ, ಗೆದ್ಯಾ?"

ಸಿಂಚನಾಳ ದನಿ. ಬೆಳಗಾದಾಗಿನಿಂದ ಅಪ್ಪನ ಓಟ ನೋಡಬೇಕೆಂದು ಹಟ ಹಿಡಿದಿದ್ದಳಂತೆ. ಮಾದೇವಣ್ಣ ಫೋನನ್ನು ನನ್ನ ಮುಖಕ್ಕೆ ಹಿಡಿದ. ಅವಳು ಹೆದರಿದಳು. "ಅಪ್ಪನ ತುಟಿ ಎಂತಕ್ಕೆ ಹಾಂಗಾಗಿದೆ?"

"ನೀರು ಕುಡೂದಿಲ್ಲ ಅಂತ ಕೂತಿದಾನೆ ನಿನ್ನಪ್ಪ. ನೀನಾದ್ರೂ ಹೇಳು" ಎಂದ ಮಾದೇವಣ್ಣ.

ಅವಳು ಮುಖವನ್ನು ಫೋನಿನ ಹತ್ತಿರ ತಂದಳು. ಆಮೇಲೆ, ನಿಧಾನವಾಗಿ, "ಒಂದೇ ಗುಟುಕು ಅಪ್ಪಾ. ಆಮೇಲೆ ಕೇಳೂದಿಲ್ಲ" ಎಂದಳು.

ನಾನು ತಲೆ ಅಲ್ಲಾಡಿಸಿದೆ. ಹೇಗೆ ಹೇಳಲಿ ಅವಳಿಗೆ? ಈ ಗುಟುಕು ಕುಡಿದರೆ ನಿನ್ನನ್ನು ನಾನೇ ಕೈಯಾರೆ ಕಳೆದುಕೊಂಡ ಹಾಗೆ ಎಂದು ಹೇಗೆ ಹೇಳಲಿ? "ಬೇಡ ಮಗಾ" ಎಂದೆ. ದನಿ ಹೊರಬಂತೋ ಇಲ್ಲವೋ.

"ಹಾಂಗಾರೆ ನಾನೂ ಕುಡೂದಿಲ್ಲ."

ಬಾಟಲಿ ಇಸಿದುಕೊಂಡೆ. ಬಾಯಿಗೆ ಎತ್ತುವಾಗ ಅರ್ಧ ಎದೆಯ ಮೇಲೆ ಚೆಲ್ಲಿತು. ಅತ್ತ ಲಲಿತಾ ಚಮಚ ಹಿಡಿದಳು. ಸಿಂಚನಾಳ ಮುಖ ನೋವಿಗೆ ಕಿವುಚಿಕೊಂಡಿತು. ನುಂಗಿದಳು.

ನಾನೂ ನುಂಗಿದೆ.

ಫೋನ್ ಇಟ್ಟ ಮೇಲೆ ರಸ್ತೆಯ ಬದಿಯಲ್ಲಿ ಕೂತು ಅತ್ತುಬಿಟ್ಟೆ. ಹರಕೆ ಮುರಿಯಿತು, ಎಲ್ಲಾ ಮುಗಿಯಿತು ಎಂದೆ. ಮಾದೇವಣ್ಣ ನನ್ನ ಅಂಗಿಗೆ ಚುಚ್ಚಿದ್ದ ನಂಬರಿನ ಚೀಟಿ ಬಿಚ್ಚುತ್ತಿದ್ದ.

"ಕೈರಂಪಣಿ ಬಲೆ ದಡಕ್ಕೆ ಎಳೂವಾಗ ಒಬ್ಬನೇ ಹಗ್ಗ ಹಿಡ್ಕಂಡು ಸಾಯೂದುಂಟಾ? ಸೋತವ ಬಿಡೂದು, ಮತ್ತೊಬ್ಬ ಹಿಡ್ಯೂದು. ಬಲೆ ದಡಕ್ಕೆ ಬಂದ್ರೆ ಆತು. ಕೈ ಹಚ್ಚಿದವ್ರಿಗೆಲ್ಲ ಪಾಲು ಅದೆ. ನೀ ಮಲ್ಗು. ನಾ ಓಡ್ತೆ."

ನನ್ನನ್ನು ಆಂಬ್ಯುಲೆನ್ಸಿನಲ್ಲಿ ಮಲಗಿಸಿ ಡ್ರಿಪ್ ಹಾಕಿದರು. ಸ್ಕೂಟರನ್ನು ಮಂಕಿಯಲ್ಲೇ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಮಾದೇವಣ್ಣ ಓಡಿದ. ಅವನು ಸೋತಲ್ಲಿ ಬೋಟಿನ ಇನ್ನೊಬ್ಬ ನನ್ನ ನಂಬರಿನ ಚೀಟಿ ಹಿಡಿದು ಓಡಿದನಂತೆ. ಕಾಸರಕೋಡಿಗೆ ಬರುವಾಗ ಅರ್ಧ ಕೇರಿಯೇ ಜೊತೆಗಿತ್ತಂತೆ. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ, ಆ ಚೀಟಿಯನ್ನು ಶರಾವತಿ ಸೇತುವೆ ದಾಟಿಸಿದರಂತೆ. ಮ್ಯಾರಥಾನಿನಲ್ಲಿ ಹೀಗೆ ಹಂಚಿಕೊಂಡು ಓಡುವಂತಿಲ್ಲ ಎಂದು ಸಂಘಟಕರು ಎಷ್ಟು ಹೇಳಿದರೂ ನಮ್ಮವರ ಕಿವಿಗೆ ಹೋಗಲಿಲ್ಲ. ಸಂಘಟಕರ ಪ್ರಕಾರ ನಾನು ಓಟ ಮುಗಿಸಿದವನಲ್ಲ. ಬಂದ ಹಣ ಮಾತ್ರ ವಾರ್ಡಿಗೆ ಹೋಯಿತು.

ಅವಳ ಜ್ವರ ಆ ದಿನ ಇಳಿಯಲಿಲ್ಲ. ಮರುದಿನವೂ ಇಲ್ಲ. ಆ ದಿನಗಳಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ, ನನ್ನ ಹೊಟ್ಟೆಯೊಳಗಿನ ಆ ನೀರನ್ನೇ ಶಪಿಸುತ್ತಿದ್ದೆ. ಆಮೇಲೆ, ಯಾವ ಸದ್ದೂ ಇಲ್ಲದೆ, ಜ್ವರ ಇಳಿಯಿತು. ಕೌಂಟ್ ಎದ್ದಿತು. ಔಷಧಿಯೇ ಎಂದರು ಡಾಕ್ಟರು. ಇರಬಹುದು. ಕೀಮೋ ಇನ್ನೂ ಬಹಳ ಕಾಲ ಇದೆ, ರೋಗ ಮರಳಿ ಬರಲೂಬಹುದು ಎಂದೂ ಹೇಳಿದ್ದಾರೆ.

ಊರಿಗೆ ಬಂದಾಗ ಜಟಕನ ಮುಂದೆ ನಿಂತು ಒಂದೇ ಮಾತು ಹೇಳಿದೆ: ನೀರು ಕುಡಿದವನು ನಾನು, ಕೇಳುವುದಿದ್ದರೆ ನನ್ನನ್ನು ಕೇಳು, ಅವಳ ತಂಟೆಗೆ ಹೋಗಬೇಡ.

ಇವತ್ತು ಬೆಳಿಗ್ಗೆ ಸಿಂಚನಾ ಆಸ್ಪತ್ರೆಯವರು ಕೊಟ್ಟ ಮೆತ್ತನೆಯ ಬ್ರಷ್ಷಿನಲ್ಲಿ ಹಲ್ಲುಜ್ಜಿ, ಎಂದಿನಂತೆ ನನ್ನ ಮುಂದೆ ಹಿಡಿದಳು. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಬರೀ ಬಿಳಿ ನೊರೆ.

ನಾಳೆ ಮತ್ತೆ ನೋಡಬೇಕು.